‘ಕಾನ್ಸಲ್‌ಗೆ ಒಂದು ವರ್ಷದ ಸಾಮ್ರಾಜ್ಯ’: ಅನುವಾದ ಎಡವಿದ್ದೆಲ್ಲಿ?

ಲ್ಯಾಟಿನ್ನಿನ ‘ಇಂಪೇರಿಯಂ’ ಅನ್ನು ನೀವು ‘ಸಾಮ್ರಾಜ್ಯ’ ಎಂದು ಅನುವಾದಿಸಿದ್ದರಿಂದ, ಕಾನ್ಸಲ್‌ಗೆ (ಪ್ರಾಚೀನ ರೋಮಿನಲ್ಲಿ ಒಂದು ವರ್ಷಕ್ಕೆ ಆಯ್ಕೆಯಾಗುತ್ತಿದ್ದ ಅತ್ಯುನ್ನತ ಅಧಿಕಾರಿಗೆ) ‘ಒಂದು ವರ್ಷದ ಸಾಮ್ರಾಜ್ಯ’ ಸಿಕ್ಕಂತಾಗಿದೆ. ಇಂಗ್ಲಿಷಿನ ‘ಎಂಪೈರ್‌’ನ (ಸಾಮ್ರಾಜ್ಯ) ಮೂಲ ಈ ‘ಇಂಪೇರಿಯಂ’ ಅನ್ನೋದೇನೋ ನಿಜ. ಆದರೆ ಅದರ ಮೊದಲ ಅರ್ಥ ನೆಲವಲ್ಲ, ಅಪ್ಪಣೆ ಕೊಡುವ ಅಧಿಕಾರ. ನಿಮ್ಮ ವಾಕ್ಯ ಕೆಟ್ಟಿದ್ದು ಅಲ್ಲೇ. ‘ಇಂಪೆರಾರೆ’ ಎಂದರೆ ಆಜ್ಞಾಪಿಸು. ರೋಮಿನ ಕಾನ್ಸಲ್ ಮುಂದೆ 12 ಜನ ಕೋಲುಗಳ ಕಟ್ಟು ಹೊತ್ತು ನಡೆಯುತ್ತಿದ್ದದ್ದು ಈ ಅಧಿಕಾರದ ಗುರುತಾಗಿಯೇ.

ಮೊದಲು ಆ ಪದ ಯಾವುದಕ್ಕೆ ಅಂಟಿದೆ ನೋಡಿ. ಹುದ್ದೆಯಲ್ಲಿರುವವನಿಗಾದರೆ ‘ಆಜ್ಞಾಧಿಕಾರ’ ಅನ್ನಿ. ಗಡಿ, ಪ್ರಾಂತ್ಯಗಳ ಮಾತು ಬಂದರೆ ಆಗ ‘ಸಾಮ್ರಾಜ್ಯ’. ಕ್ರಿ.ಪೂ. 27ರ ಆಸುಪಾಸಿನ, ರೋಮಿನ ಮೊದಲ ಚಕ್ರವರ್ತಿ ಆಗಸ್ಟಸ್ ಕಾಲದ ವಾಕ್ಯಗಳಲ್ಲಿ ಎರಡೂ ಹೊಂದಬಹುದು. ನಾನಾದರೆ ಅಲ್ಲಿ ‘ಇಂಪೇರಿಯಂ’ ಎಂದೇ ಉಳಿಸಿ ಅಡಿಟಿಪ್ಪಣಿ ಹಾಕುತ್ತೇನೆ. ‘ಚಕ್ರಾಧಿಪತ್ಯ’ ಮಾತ್ರ ಬೇಡ. ವರ್ಷ ಮುಗಿದರೆ ಇಳಿಯಬೇಕಾದ ಕಾನ್ಸಲ್ ಎಲ್ಲಿಯ ಚಕ್ರವರ್ತಿ!