ಕರೆಯದೇ ಬರುವ ಕೀಲಿಮಣೆ ಸೌಲಭ್ಯಗಳು

ಪ್ರಶ್ನೆ: ನಾನು ವಿಂಡೋಸ್ 11 ಇರುವ ಕಂಪ್ಯೂಟರಿನಲ್ಲಿ ಕಗಪ ವಿನ್ಯಾಸ ಬಳಸಿ ಕನ್ನಡ ಟೈಪ್ ಮಾಡುತ್ತೇನೆ. ಮುಂದಿನ ವಾಕ್ಯ ಯೋಚಿಸುವಾಗ ಶಿಫ್ಟ್ ಕೀಲಿಯನ್ನು ಬೆರಳಿನಿಂದ ತಟ್ಟುತ್ತಿರುವುದು ನನ್ನ ಅಭ್ಯಾಸ. ಆಗ ‘ಸ್ಟಿಕಿ ಕೀಸ್’ ಎಂಬ ಕಿಟಕಿಯೊಂದು ತೆರೆದುಕೊಳ್ಳುತ್ತದೆ. ಒಮ್ಮೆ ಹಾಗಾದ ಮೇಲೆ ಅಕ್ಷರಗಳು ತಪ್ಪುತಪ್ಪಾಗಿ ಮೂಡಿ, ಕೊನೆಗೆ ಬರೆದಿಟ್ಟಿದ್ದ ಎರಡು ಪುಟಗಳೇ ಮಾಯವಾದವು. ಪ್ರತಿ ಸಲವೂ ‘ನೋ’ ಒತ್ತುತ್ತೇನೆ, ಮತ್ತೆ ಬರುತ್ತದೆ. ಇದನ್ನು ಕಾಯಂ ಆಗಿ ನಿಲ್ಲಿಸುವುದು ಹೇಗೆ?

ಉತ್ತರ: ನಿಮ್ಮ ಕೀಲಿಮಣೆ ಕೆಟ್ಟಿಲ್ಲ, ಕಂಪ್ಯೂಟರಿಗೆ ವೈರಸ್ಸೂ ತಗುಲಿಲ್ಲ. ನಡುವೆ ಬೇರೆ ಯಾವ ಕೀಲಿಯನ್ನೂ ಮುಟ್ಟದೆ ಶಿಫ್ಟ್ ಕೀಲಿಯೊಂದನ್ನೇ ಐದು ಬಾರಿ ಒತ್ತಿದರೆ, ಸ್ಟಿಕಿ ಕೀಸ್ ಸೌಲಭ್ಯವನ್ನು ಚಾಲೂ ಮಾಡಬೇಕೇ ಎಂದು ವಿಂಡೋಸ್ ಕೇಳುತ್ತದೆ. ಒಂದು ಕೀಲಿಯನ್ನು ಹಿಡಿದುಕೊಂಡೇ ಇನ್ನೊಂದನ್ನು ಒತ್ತಲು ಕೈ ಸಹಕರಿಸದವರಿಗಾಗಿ ಇರುವ ಸೌಲಭ್ಯ ಅದು. ಅದು ಚಾಲೂ ಇದ್ದಾಗ ಶಿಫ್ಟ್, ಕಂಟ್ರೋಲ್, ಆಲ್ಟ್ ಮತ್ತು ವಿಂಡೋಸ್ ಕೀಲಿಗಳನ್ನು ಒಮ್ಮೆ ಒತ್ತಿ ಬಿಟ್ಟರೂ ಅವು ಮುಂದಿನ ಕೀಲಿಗಾಗಿ ಕಾದು ಕುಳಿತಿರುತ್ತವೆ. ಎರಡು ಬಾರಿ ಒತ್ತಿದರೆ, ಮತ್ತೊಮ್ಮೆ ಒತ್ತಿ ಬಿಡಿಸುವ ತನಕ ಹಿಡಿದ ಹಾಗೆಯೇ ಉಳಿಯುತ್ತವೆ.

ನಿಮ್ಮ ಅಕ್ಷರಗಳು ಏಕೆ ಕೆಟ್ಟವು ಎಂಬುದಕ್ಕೆ ಉತ್ತರ ಇಲ್ಲಿಯೇ ಇದೆ. ಶಿಫ್ಟ್ ಅನ್ನು ಒಮ್ಮೆ ತಟ್ಟಿ ಬಿಟ್ಟು ‘ಕನಕ’ ಎಂದು ಬರೆಯಲು ಹೋದರೆ ‘ಖನಕ’ ಎಂದು ಮೂಡುತ್ತದೆ. ಎರಡು ಬಾರಿ ತಟ್ಟಿದ್ದರೆ ಮೂರು ಅಕ್ಷರಗಳೂ ಬದಲಾಗಿ ‘ಖಣಖ’ ಎಂದಾಗುತ್ತದೆ. ಪುಟಗಳು ಮಾಯವಾದದ್ದು ಬಹುಮಟ್ಟಿಗೆ ಕಂಟ್ರೋಲ್ ಕೀಲಿಯಿಂದ. ಅದನ್ನು ಅರಿವಿಲ್ಲದೆ ತಾಗಿಸಿ, ಆಮೇಲೆ ‘ಅ’ ಬರೆಯಲೆಂದು ಎ ಕೀಲಿಯನ್ನು ಒತ್ತಿದಾಗ ‘ಅ’ ಮೂಡುವ ಬದಲು ಇಡೀ ಬರಹ ಆಯ್ಕೆಯಾಗಿ ನೀಲಿ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಗಮನಿಸದೆ ಇನ್ನೊಂದು ಅಕ್ಷರ ಒತ್ತಿದರೆ ಆಯ್ಕೆಯಾದ ಅಷ್ಟೂ ಬರಹ ಅಳಿದು, ಆ ಒಂದೇ ಅಕ್ಷರ ಉಳಿಯುತ್ತದೆ. ಇನ್ನು ಮುಂದೆ ಹೀಗಾದರೆ ಗಾಬರಿಯಿಂದ ಕಡತವನ್ನು ಮುಚ್ಚಬೇಡಿ, ಉಳಿಸಲೂ ಬೇಡಿ. ಮೊದಲು ಕಂಟ್ರೋಲ್ ಮತ್ತು ಜೆಡ್ ಒತ್ತಿ. ಬರಹ ಹಿಂದಿರುಗುವ ತನಕ ಅದನ್ನೇ ಮತ್ತೆ ಮತ್ತೆ ಮಾಡಿ. ಉಳಿದ ದುರಸ್ತಿ ಆಮೇಲೆ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಸೌಲಭ್ಯವನ್ನು ‘ಆಫ್’ ಮಾಡುವುದು ಬೇರೆ, ಅದನ್ನು ಕರೆತರುವ ಶಾರ್ಟ್‌ಕಟ್ ಅನ್ನು ‘ಆಫ್’ ಮಾಡುವುದು ಬೇರೆ. ನೀವು ‘ನೋ’ ಒತ್ತಿದಾಗ ಆ ಒಂದು ಸಲಕ್ಕೆ ಮಾತ್ರ ಬೇಡವೆಂದು ಹೇಳಿದಂತಾಗುತ್ತದೆ. ಐದು ಒತ್ತುಗಳ ಶಾರ್ಟ್‌ಕಟ್ ಜೀವಂತವಾಗಿಯೇ ಇರುತ್ತದೆ. ಈ ವ್ಯತ್ಯಾಸ ತಿಳಿಯದೆ ವರ್ಷಗಟ್ಟಲೆ ‘ನೋ’ ಒತ್ತುತ್ತ ಬಂದವರು ಅನೇಕರಿದ್ದಾರೆ. ವಿಂಡೋಸ್ ಕೀಲಿಯ ಜೊತೆಗೆ ಯು ಒತ್ತಿದರೆ ಸೆಟ್ಟಿಂಗ್ಸ್‌ನ ‘ಆಕ್ಸೆಸಿಬಿಲಿಟಿ’ ಪುಟ ತೆರೆಯುತ್ತದೆ. ಅದರಲ್ಲಿ ‘ಕೀಬೋರ್ಡ್’ ಎಂಬುದನ್ನು ಆರಿಸಿಕೊಳ್ಳಿ. ‘ಸ್ಟಿಕಿ ಕೀಸ್’ ಎಂಬ ಸಾಲಿನ ಬಲಕ್ಕಿರುವ ಗುಂಡಿ ಸೌಲಭ್ಯವನ್ನು ಮಾತ್ರ ‘ಆಫ್’ ಮಾಡುತ್ತದೆ. ಅಲ್ಲಿಗೇ ನಿಲ್ಲದೆ ಸಾಲಿನ ಹೆಸರಿನ ಮೇಲೆ ಕ್ಲಿಕ್ ಮಾಡಿದರೆ ಒಳಪುಟವೊಂದು ತೆರೆದುಕೊಳ್ಳುತ್ತದೆ. ‘ಕೀಬೋರ್ಡ್ ಶಾರ್ಟ್‌ಕಟ್ ಫಾರ್ ಸ್ಟಿಕಿ ಕೀಸ್’ ಎಂಬ ಆಯ್ಕೆ ಇರುವುದು ಆ ಒಳಪುಟದಲ್ಲಿ. ಅದನ್ನು ‘ಆಫ್’ ಮಾಡಿ. ವಿಂಡೋಸ್ 10ರಲ್ಲಿ ಇದೇ ಪುಟಕ್ಕೆ ‘ಈಸ್ ಆಫ್ ಆಕ್ಸೆಸ್’ ಎಂಬ ಹೆಸರಿದೆ, ಮತ್ತು ಶಾರ್ಟ್‌ಕಟ್‌ನ ಆಯ್ಕೆ ಗುರುತು ಹಾಕುವ ಚೌಕದ ರೂಪದಲ್ಲಿ ಸ್ಟಿಕಿ ಕೀಸ್‌ನ ಗುಂಡಿಯ ಕೆಳಗೇ ಸಿಗುತ್ತದೆ. ಆ ಗುರುತನ್ನು ತೆಗೆದರಾಯಿತು. ಬಳಿಕ ಶಿಫ್ಟ್ ಅನ್ನು ಏಳೆಂಟು ಬಾರಿ ತಟ್ಟಿ ನೋಡಿ. ಕಿಟಕಿ ಬಾರದಿದ್ದರೆ ಕೆಲಸ ಮುಗಿದಂತೆ.

ಪ್ರಶ್ನೆ: ನನ್ನ ಲ್ಯಾಪ್‌ಟಾಪಿನ ಕೀಲಿಗಳು ಇದ್ದಕ್ಕಿದ್ದಂತೆ ಸತ್ತಂತಾಗಿವೆ. ಬಲವಾಗಿ ಅದುಮಿ ಹಿಡಿದರೆ ಮಾತ್ರ ಅಕ್ಷರ ಬರುತ್ತದೆ. ಕೀಲಿಮಣೆಯನ್ನೇ ಬದಲಿಸಬೇಕೆಂದು ದುರಸ್ತಿ ಮಾಡುವವರು ಹೇಳುತ್ತಿದ್ದಾರೆ. ಬದಲಿಸಲೇಬೇಕೇ?

ಉತ್ತರ: ದಯವಿಟ್ಟು ಸ್ವಲ್ಪ ತಡೆಯಿರಿ. ‘ಅದುಮಿ ಹಿಡಿದರೆ ಬರುತ್ತದೆ’ ಎಂಬ ನಿಮ್ಮ ಮಾತಿನಲ್ಲಿಯೇ ಸುಳಿವಿದೆ. ಕೆಟ್ಟುಹೋದ ಕೀಲಿಮಣೆಯಲ್ಲಿ ಸಾಮಾನ್ಯವಾಗಿ ಒಂದೆರಡು ಕೀಲಿಗಳೋ ಒಂದು ಸಾಲೋ ಕೈಕೊಡುತ್ತದೆ. ಎಲ್ಲ ಕೀಲಿಗಳೂ ಒಂದೇ ರೀತಿಯಾಗಿ, ಒಂದೇ ಪ್ರಮಾಣದಲ್ಲಿ ತಡವಾಗುತ್ತಿದ್ದರೆ ‘ಫಿಲ್ಟರ್ ಕೀಸ್’ ಎಂಬ ಸೌಲಭ್ಯ ಚಾಲೂ ಆಗಿರುವ ಸಂಭವವೇ ಹೆಚ್ಚು. ಬಲಗಡೆಯ ಶಿಫ್ಟ್ ಕೀಲಿಯನ್ನು 8 ಸೆಕೆಂಡು ಒತ್ತಿ ಹಿಡಿದರೆ ಅದರ ಕಿಟಕಿ ತೆರೆಯುತ್ತದೆ. ಏನನ್ನೋ ಓದುತ್ತ ಅಂಗೈಯನ್ನು ಕೀಲಿಮಣೆಯ ಅಂಚಿನ ಮೇಲೆ ಊರಿ ಕುಳಿತಾಗ, ಅಥವಾ ಪುಸ್ತಕವೊಂದರ ಮೂಲೆ ಆ ಕೀಲಿಯ ಮೇಲೆ ಒರಗಿದಾಗ ಇದು ನಡೆದುಹೋಗುತ್ತದೆ. ಆಮೇಲೆ ಎಂಟರ್ ಕೀಲಿ ತಾಗಿದರೆ ಒಪ್ಪಿಗೆ ಕೊಟ್ಟಂತಾಗುತ್ತದೆ.

ಕೈ ನಡುಗುವವರ ಬೆರಳು ಬೇಡದ ಕೀಲಿಗಳಿಗೆ ತಾಗುವುದು ಸಹಜ. ಅಂಥ ಕ್ಷಣಿಕ ಸ್ಪರ್ಶಗಳನ್ನು ಕಡೆಗಣಿಸಿ, ನಿಜವಾಗಿ ಒತ್ತಿದ ಕೀಲಿಯನ್ನಷ್ಟೇ ಸ್ವೀಕರಿಸುವುದು ಫಿಲ್ಟರ್ ಕೀಸ್‌ನ ಉದ್ದೇಶ. ಅದರ ಮೂಲ ಹೊಂದಾಣಿಕೆಯಲ್ಲಿ ಕೀಲಿಯನ್ನು ಸುಮಾರು 1 ಸೆಕೆಂಡು ಹಿಡಿದರೆ ಮಾತ್ರ ಅಕ್ಷರ ಮೂಡುತ್ತದೆ. ಸರಾಗವಾಗಿ ಟೈಪ್ ಮಾಡುವವರಿಗೆ ಒಂದು ಸೆಕೆಂಡು ಎಂಬುದು ಬಹಳ ದೀರ್ಘ ಕಾಲ. ಆದ್ದರಿಂದಲೇ ಕೀಲಿಗಳು ಸತ್ತಂತೆ ಭಾಸವಾಗುತ್ತದೆ.

ಪರಿಹಾರವೂ ಅದೇ ಕೀಲಿಯಲ್ಲಿದೆ. ಬಲಗಡೆಯ ಶಿಫ್ಟ್ ಅನ್ನು ಮತ್ತೆ 8 ಸೆಕೆಂಡು ಒತ್ತಿ ಹಿಡಿದು, ಸದ್ದು ಕೇಳಿದ ಮೇಲೆ ಬಿಡಿ. ಅಷ್ಟಕ್ಕೂ ಸರಿಯಾಗದಿದ್ದರೆ ಕೀಲಿಮಣೆಯ ಗೊಡವೆಗೆ ಹೋಗದೆ ಮೌಸ್ ಹಿಡಿದು ಸ್ಟಾರ್ಟ್, ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಕೀಬೋರ್ಡ್ ಎಂಬ ಕ್ರಮದಲ್ಲಿ ಸಾಗಿ ಫಿಲ್ಟರ್ ಕೀಸ್ ಅನ್ನು ‘ಆಫ್’ ಮಾಡಿ, ಅದರ ಒಳಪುಟದಲ್ಲಿರುವ ಶಾರ್ಟ್‌ಕಟ್ ಅನ್ನೂ ‘ಆಫ್’ ಮಾಡಿ. ಪಾಸ್‌ವರ್ಡ್ ಕೇಳುವ ಪರದೆಯಲ್ಲಿಯೇ ಕೀಲಿಗಳು ಕೆಲಸ ಮಾಡದಿದ್ದರೆ, ಆ ಪರದೆಯ ಬಲಗಡೆ ಕೆಳಮೂಲೆಯಲ್ಲಿ ಮನುಷ್ಯಾಕೃತಿಯ ಚಿಹ್ನೆಯೊಂದು ಇರುತ್ತದೆ (ವಿಂಡೋಸ್ 10ರಲ್ಲಿ ಚಿಹ್ನೆಯ ರೂಪ ಬೇರೆ, ಜಾಗ ಅದೇ). ಅದರ ಮೇಲೆ ಕ್ಲಿಕ್ ಮಾಡಿದರೆ ಫಿಲ್ಟರ್ ಕೀಸ್, ಸ್ಟಿಕಿ ಕೀಸ್‌ಗಳ ಗುಂಡಿಗಳು ಅಲ್ಲಿಯೇ ದೊರೆಯುತ್ತವೆ. ಇದಿಷ್ಟನ್ನೂ ಮಾಡಿ ನೋಡಿದ ಮೇಲೂ ಕೀಲಿಗಳು ಸತ್ತಂತೆಯೇ ಇದ್ದರೆ ಮಾತ್ರ ದುರಸ್ತಿಯ ಮಾತು ಎತ್ತಬಹುದು. ಆಗಲೂ ಯುಎಸ್‌ಬಿ ಕೀಲಿಮಣೆಯೊಂದನ್ನು ಜೋಡಿಸಿ ಪರೀಕ್ಷಿಸಿ: ಅದರಲ್ಲಿಯೂ ಇದೇ ತೊಂದರೆ ಕಂಡರೆ ದೋಷ ಲ್ಯಾಪ್‌ಟಾಪಿನ ಕೀಲಿಮಣೆಯಲ್ಲಿ ಇಲ್ಲವೆಂದು ತಿಳಿಯಿರಿ.

ಪ್ರಶ್ನೆ: ಕ್ಯಾಪ್ಸ್ ಲಾಕ್ ಒತ್ತಿದಾಗಲೆಲ್ಲ ಕೀರಲು ಸದ್ದು ಬರುತ್ತದೆ. ಜೊತೆಗೆ ಬಲಭಾಗದ ಅಂಕಿಗಳನ್ನು ಒತ್ತಿದರೆ ಅಂಕಿ ಮೂಡದೆ ಬಾಣದ ಗುರುತು ಪರದೆಯ ಮೇಲೆ ಓಡಾಡುತ್ತದೆ. ಎರಡಕ್ಕೂ ಕಾರಣ ಒಂದೇ ಇರಬಹುದೇ?

ಉತ್ತರ: ಇವು ಎರಡು ಬೇರೆ ಸೌಲಭ್ಯಗಳು. ಸದ್ದು ಮಾಡುವುದು ಟಾಗಲ್ ಕೀಸ್. ಕ್ಯಾಪ್ಸ್ ಲಾಕ್, ನಮ್ ಲಾಕ್, ಸ್ಕ್ರೋಲ್ ಲಾಕ್ ಕೀಲಿಗಳ ದೀಪ ಕಾಣದವರಿಗೆ ಕೀಲಿ ಚಾಲೂ ಆದದ್ದನ್ನೂ ಆರಿದ್ದನ್ನೂ ಅದು ಬೇರೆ ಬೇರೆ ಸ್ವರದಲ್ಲಿ ತಿಳಿಸುತ್ತದೆ. ನಮ್ ಲಾಕ್ ಅನ್ನು 5 ಸೆಕೆಂಡು ಹಿಡಿದಾಗ ಅದು ಚಾಲೂ ಆಗುತ್ತದೆ. ಬಾಣದ ಗುರುತನ್ನು ಓಡಾಡಿಸುವುದು ಮೌಸ್ ಕೀಸ್. ಎಡಗಡೆಯ ಆಲ್ಟ್, ಎಡಗಡೆಯ ಶಿಫ್ಟ್ ಮತ್ತು ನಮ್ ಲಾಕ್ ಮೂರನ್ನೂ ಒಟ್ಟಿಗೆ ಒತ್ತಿದರೆ ಅದು ಚಾಲೂ ಆಗುತ್ತದೆ, ಅದೇ ಮೂರನ್ನು ಮತ್ತೆ ಒತ್ತಿದರೆ ಆರುತ್ತದೆ. ಟಾಗಲ್ ಕೀಸ್ ಅನ್ನು ಮೇಲೆ ಹೇಳಿದ ಕೀಬೋರ್ಡ್ ಪುಟದಲ್ಲಿಯೂ, ಮೌಸ್ ಕೀಸ್ ಅನ್ನು ಆಕ್ಸೆಸಿಬಿಲಿಟಿಯಲ್ಲಿ ಅದರ ಪಕ್ಕದಲ್ಲಿರುವ ‘ಮೌಸ್’ ಪುಟದಲ್ಲಿಯೂ ‘ಆಫ್’ ಮಾಡಬಹುದು.

ಪ್ರಶ್ನೆ: ಮ್ಯಾಕ್ ಬಳಸುವವರಿಗೂ ಇಂಥ ತೊಂದರೆ ಇದೆಯೇ? ನನ್ನ ಮ್ಯಾಕ್‌ನಲ್ಲಿ ಯು, ಐ, ಓ, ಜೆ, ಕೆ, ಎಲ್ ಕೀಲಿಗಳು ಅಕ್ಷರವನ್ನೇ ಕೊಡುತ್ತಿಲ್ಲ. ಉಳಿದವು ಬಹುತೇಕ ಸರಿಯಾಗಿವೆ.

ಉತ್ತರ: ಖಂಡಿತ ಇದೆ. ಅಕ್ಕಪಕ್ಕದ ಈ ಆರು ಕೀಲಿಗಳು ಒಟ್ಟಿಗೆ ಮೂಕವಾಗಿವೆ ಎಂದರೆ ಅಲ್ಲಿ ಮೌಸ್ ಕೀಸ್ ಚಾಲೂ ಆಗಿದೆ ಎಂದೇ ಹೇಳಬಹುದು. ಪ್ರತ್ಯೇಕ ಅಂಕಿಗಳ ಪಟ್ಟಿ ಇಲ್ಲದ ಕೀಲಿಮಣೆಯಲ್ಲಿ ಬಾಣದ ಗುರುತನ್ನು ಓಡಿಸುವ ಕೆಲಸ ಈ ಅಕ್ಷರಗಳ ಪಾಲಿಗೆ ಬರುತ್ತದೆ. ಆಪ್ಷನ್ ಕೀಲಿಯನ್ನು ಐದು ಬಾರಿ ಒತ್ತಿದರೆ ಚಾಲೂ ಆಗುವಂತೆ ಅಲ್ಲೊಂದು ಆಯ್ಕೆಯಿದೆ. ಆಪ್ಷನ್, ಕಮಾಂಡ್ ಮತ್ತು ಎಫ್5 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಇಂಥ ಸೌಲಭ್ಯಗಳ ಪಟ್ಟಿ ಪರದೆಯ ಮೇಲೆ ಬರುತ್ತದೆ. ಚಾಲೂ ಇರುವುದರ ಗುರುತನ್ನು ಅಲ್ಲಿ ತೆಗೆಯಬಹುದು. ಶಾರ್ಟ್‌ಕಟ್ ಅನ್ನೂ ‘ಆಫ್’ ಮಾಡಬೇಕಾದರೆ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿಗೆ ಹೋಗಿ, ಮೌಸ್ ಕೀಸ್‌ಗಾಗಿ ‘ಪಾಯಿಂಟರ್ ಕಂಟ್ರೋಲ್’ ಪುಟವನ್ನೂ, ಸ್ಟಿಕಿ ಕೀಸ್ ಮತ್ತು (ಫಿಲ್ಟರ್ ಕೀಸ್‌ನಂತೆ ಕೀಲಿಗಳನ್ನು ತಡವಾಗಿಸುವ) ಸ್ಲೋ ಕೀಸ್‌ಗಾಗಿ ‘ಕೀಬೋರ್ಡ್’ ಪುಟವನ್ನೂ ನೋಡಿ. ಗ್ನೋಮ್ ಪರದೆಯಿರುವ ಲಿನಕ್ಸ್‌ನಲ್ಲಿ ಆಕ್ಸೆಸಿಬಿಲಿಟಿಯ ‘ಟೈಪಿಂಗ್’ ಭಾಗದಲ್ಲಿ ‘ಎನೇಬಲ್ ಬೈ ಕೀಬೋರ್ಡ್’ ಎಂಬ ಒಂದೇ ಆಯ್ಕೆಯನ್ನು ‘ಆಫ್’ ಮಾಡಿದರೆ ಸಾಕು.

ಪ್ರಶ್ನೆ: ನಾನು ಹಲವರು ಹಂಚಿಕೊಂಡು ಬಳಸುವ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತೇನೆ. ಈ ಕಿಟಕಿಗಳ ಬಗ್ಗೆ ದಿನವೂ ದೂರು ಬರುತ್ತದೆ. ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಹೊಂದಾಣಿಕೆಗಳನ್ನು ಬರೆದಿಟ್ಟುಕೊಳ್ಳುವ ಜಾಗದಲ್ಲಿ) ಬದಲಾವಣೆ ಮಾಡಿ ಎಲ್ಲ ಕಡೆಯೂ ಇವನ್ನು ತೆಗೆದುಹಾಕಬಹುದೇ? ಯಾರಿಗೂ ಬೇಡದ ಇಂಥವನ್ನು ಕಂಪ್ಯೂಟರಿನಲ್ಲಿ ಇಟ್ಟಿರುವುದಾದರೂ ಏಕೆ?

ಉತ್ತರ: ನಿಮ್ಮ ಎರಡನೆಯ ಮಾತಿಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಮೊದಲನೆಯದರ ಉತ್ತರ ಅದನ್ನೇ ಅವಲಂಬಿಸಿದೆ. ಸ್ಟಿಕಿ ಕೀಸ್‌ನಂಥ ಸೌಲಭ್ಯಗಳು ರೂಪುಗೊಂಡದ್ದು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಟ್ರೇಸ್ ಕೇಂದ್ರದಲ್ಲಿ, ಗ್ರೆಗ್ ವಾಂಡರ್‌ಹೈಡನ್ ಮತ್ತು ಅವರ ಸಂಗಡಿಗರ ಕೆಲಸದಿಂದ. ಮೊದಲಿಗೆ ಇವನ್ನು ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕಾಗಿತ್ತು. ವಿಂಡೋಸ್ 95ರಿಂದ ಇವು ವಿಂಡೋಸ್‌ನ ಭಾಗವಾಗಿಯೇ ಬರುತ್ತಿವೆ. ಒಂದೇ ಕೈ ಇರುವವರು, ಬಾಯಲ್ಲಿ ಕಡ್ಡಿ ಹಿಡಿದು ಟೈಪ್ ಮಾಡುವವರು ಕಂಟ್ರೋಲ್, ಆಲ್ಟ್ ಮತ್ತು ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತುವುದು ಹೇಗೆಂದು ಒಮ್ಮೆ ಯೋಚಿಸಿ ನೋಡಿ. ಸೆಟ್ಟಿಂಗ್ಸ್ ಪುಟದ ತನಕ ಹೋಗುವುದೇ ಕಷ್ಟವಾಗಿರುವವರಿಗೆ ಸೌಲಭ್ಯವು ಒಂದೇ ಬೆರಳಿಗೆ ಎಟುಕಬೇಕು. ಶಿಫ್ಟ್ ಕೀಲಿಯ ಐದು ಒತ್ತುಗಳು ಅದಕ್ಕಾಗಿ ಇವೆ. ಆದ್ದರಿಂದ ‘ಯಾರಿಗೂ ಬೇಡದ’ ಎಂಬ ಮಾತನ್ನು ನಾನು ಒಪ್ಪಲಾರೆ. ದೂರು ಕೊಡುವವರು ಕಣ್ಣಿಗೆ ಬೀಳುತ್ತಾರೆ, ಸದ್ದಿಲ್ಲದೆ ಬಳಸುತ್ತಿರುವವರು ಬೀಳುವುದಿಲ್ಲ.

ಇನ್ನು ರಿಜಿಸ್ಟ್ರಿಯ ಮಾತು. ಈ ಹೊಂದಾಣಿಕೆಗಳು ಪ್ರತಿ ಬಳಕೆದಾರರ ಖಾತೆಯಲ್ಲಿಯೂ ಪ್ರತ್ಯೇಕವಾಗಿ ಇರುತ್ತವೆ. ‘ಎಚ್‌ಕೀ ಕರೆಂಟ್ ಯೂಸರ್’ ಅಡಿಯಲ್ಲಿ ‘ಕಂಟ್ರೋಲ್ ಪ್ಯಾನಲ್’, ಅದರೊಳಗೆ ‘ಆಕ್ಸೆಸಿಬಿಲಿಟಿ’, ಅದರೊಳಗೆ ‘ಸ್ಟಿಕಿಕೀಸ್’ ಎಂಬಲ್ಲಿರುವ ‘ಫ್ಲ್ಯಾಗ್ಸ್’ ಬೆಲೆ ಮೂಲದಲ್ಲಿ 510. ಶಾರ್ಟ್‌ಕಟ್ ಅನ್ನು ಮಾತ್ರ ‘ಆಫ್’ ಮಾಡಲು ಅದನ್ನು 506 ಮಾಡುತ್ತಾರೆ. ಫಿಲ್ಟರ್ ಕೀಸ್‌ಗೆ ಸಂಬಂಧಿಸಿದ ‘ಕೀಬೋರ್ಡ್ ರೆಸ್ಪಾನ್ಸ್’ನಲ್ಲಿ 126 ಇದ್ದದ್ದು 122 ಆಗುತ್ತದೆ, ಟಾಗಲ್ ಕೀಸ್‌ನಲ್ಲಿ 62 ಇದ್ದದ್ದು 58. ಮೂರರಲ್ಲಿಯೂ ಕಳೆಯುವುದು 4 ಮಾತ್ರ, ಏಕೆಂದರೆ ಶಾರ್ಟ್‌ಕಟ್‌ನ ಪಾಲಿನ ಬೆಲೆ ಅಷ್ಟು. ಇದರಿಂದ ಸೌಲಭ್ಯ ಅಳಿಯುವುದಿಲ್ಲ. ಬೇಕಾದವರು ಸೆಟ್ಟಿಂಗ್ಸ್‌ಗೆ ಹೋಗಿ ಚಾಲೂ ಮಾಡಿಕೊಳ್ಳಬಹುದು. ಸೆಟ್ಟಿಂಗ್ಸ್ ಪುಟದ ಗುಂಡಿಯಿಂದ ಆಗುವ ಕೆಲಸವೂ ಇದೇ ಆಗಿರುವುದರಿಂದ, ಒಂದೆರಡು ಕಂಪ್ಯೂಟರುಗಳಿಗಾಗಿ ರಿಜಿಸ್ಟ್ರಿಗೆ ಕೈ ಹಾಕುವ ಅಗತ್ಯ ನನಗೆ ಕಾಣುವುದಿಲ್ಲ.

ನನ್ನ ಸಲಹೆ ಇಷ್ಟು. ಎಲ್ಲರೂ ಒಂದೇ ಖಾತೆಯಲ್ಲಿ ಕೆಲಸ ಮಾಡುತ್ತಿದ್ದರೆ ಮೊದಲು ಪ್ರತಿಯೊಬ್ಬರಿಗೂ ಬೇರೆ ಖಾತೆ ಮಾಡಿಕೊಡಿ, ಶಾರ್ಟ್‌ಕಟ್ ಬೇಡವೆಂದವರ ಖಾತೆಯಲ್ಲಿ ಮಾತ್ರ ಅದನ್ನು ಆರಿಸಿ. ಯಾರು ಬೇಕಾದರೂ ಬಂದು ಕೂರುವ ಸಾಮಾನ್ಯ ಖಾತೆಯಲ್ಲಿ ಶಾರ್ಟ್‌ಕಟ್ ಹಾಗೆಯೇ ಇರಲಿ, ಅಲ್ಲಿ ಕೀಲಿಮಣೆಯ ಪಕ್ಕದಲ್ಲಿ ‘ಕೀಲಿಗಳು ವಿಚಿತ್ರವಾಗಿ ವರ್ತಿಸಿದರೆ ಶಿಫ್ಟ್ ಅನ್ನು ಐದು ಬಾರಿ ಒತ್ತಿ, ಕೀಲಿಗಳು ತಡವಾದರೆ ಬಲಗಡೆಯ ಶಿಫ್ಟ್ ಅನ್ನು ಎಂಟು ಸೆಕೆಂಡು ಹಿಡಿಯಿರಿ’ ಎಂದು ಬರೆದ ಚೀಟಿಯೊಂದನ್ನು ಅಂಟಿಸಿ. ಪಾಸ್‌ವರ್ಡ್ ಕೇಳುವ ಪರದೆಯಲ್ಲಿರುವ ಚಿಹ್ನೆಯನ್ನಂತೂ ಮುಟ್ಟಬೇಡಿ, ಏಕೆಂದರೆ ಸ್ಟಿಕಿ ಕೀಸ್ ಇಲ್ಲದೆ ತಮ್ಮ ಪಾಸ್‌ವರ್ಡನ್ನೇ ಬರೆಯಲಾಗದವರು ಒಳಗೆ ಬರುವ ದಾರಿ ಅದು.