ಮದಗಕ್ಕೊಂದು ಕುಳ್ಳ ಮೊಸಳೆ

ಕಾಪು ಕಡೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಪತ್ರದ ಸಾರ ಇಷ್ಟು:

"ಹದಿನೆಂಟು ವರ್ಷ ಗಲ್ಫಿನಲ್ಲಿದ್ದು ಊರಿಗೆ ಬಂದಿದ್ದೇನೆ. ವಯಸ್ಸು 46. ಮನೆಯಲ್ಲಿ ಹೆಂಡತಿ, ನಾಲ್ಕನೇ ಕ್ಲಾಸಿನ ಮಗಳು, ಒಂದು ನಾಯಿ. ಅಡಿಕೆ ತೋಟದ ತಗ್ಗಿನಲ್ಲಿ ಅಜ್ಜನ ಕಾಲದ ಮದಗ, ಅಂದರೆ ಸಣ್ಣ ಕೆರೆ, ಉಂಟು. ಆಗಾಗ ಒಂದು ಉಡ ಬರುವುದು ಬಿಟ್ಟರೆ ಅಲ್ಲಿ ಬೇರೆ ಏನೂ ಇಲ್ಲ. ಅದರಲ್ಲಿ ಕುಳ್ಳ ಕೈಮನ್ ಎಂಬ ಸಣ್ಣ ಜಾತಿಯ ಮೊಸಳೆ ಸಾಕಬೇಕು, ಸಂಜೆ ಅದರ ಎದುರು ಕೂತು ಚಾ ಕುಡಿಯಬೇಕು ಅಂತ ಬಹಳ ದಿನದ ಆಸೆ. ಬೆಂಗಳೂರಿನವರೊಬ್ಬರು ಪೇಪರ್ ಸಮೇತ ಮರಿ ಕೊಡುತ್ತೇನೆ ಎನ್ನುತ್ತಾರೆ. ಮಲ್ಪೆಯಲ್ಲಿ ಬೂತಾಯಿ ಮೀನು ಬೇಕಾದಷ್ಟು ಸಿಗುತ್ತದೆ, ತಿನ್ನಿಸುವ ಚಿಂತೆ ಇಲ್ಲ. ಹೆಂಡತಿ ಮಾತ್ರ ಬೇಡ ಎನ್ನುತ್ತಾಳೆ. ನಿಮ್ಮ ಅಭಿಪ್ರಾಯ ಏನು?"

ಪತ್ರದ ಜೊತೆ ಮದಗದ ಒಂದು ನಕ್ಷೆಯೂ ಇದೆ. ಪೆನ್ಸಿಲಿನಲ್ಲಿ, ಸ್ಕೇಲ್ ಹಿಡಿದು, ಅಳತೆ ಬರೆದು ಮಾಡಿದ್ದು. ಮೆಟ್ಟಿಲು ಎಲ್ಲಿ, ಮುರಕಲ್ಲಿನ ಗೋಡೆ ಎಲ್ಲಿ ಜರಿದಿದೆ, ಹಲಸಿನ ಮರದ ನೆರಳು ಎಲ್ಲಿಗೆ ಬೀಳುತ್ತದೆ, ಎಲ್ಲ ಇದೆ.

ಪ್ರಿಯರೇ,

ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ಮನೆಯವರು ಹೇಳಿದ್ದು ಸರಿ. ಆದರೆ ನಿಮ್ಮ ಆಸೆಯನ್ನು ಕಂಡು ನಾನು ನಗುವುದಿಲ್ಲ. ನಮ್ಮ ಕಚೇರಿಯಲ್ಲಿ ಪತ್ರ ಓದಿದ ಇಬ್ಬರು ನಕ್ಕರು, ಅದು ನಿಜ. ನಕ್ಷೆ ನೋಡಿದ ಮೇಲೆ ಅವರೂ ಸುಮ್ಮನಾದರು. ಇಷ್ಟು ಮುತುವರ್ಜಿಯಿಂದ ಮದಗವನ್ನು ಅಳೆದವರಿಗೆ ಒಂದು ಸಾಲಿನಲ್ಲಿ "ಬೇಡ" ಎಂದು ಬರೆದು ಕಳಿಸುವುದು ಚಂದ ಅಲ್ಲ.

ನೀವು ಆರಿಸಿದ ಪ್ರಾಣಿಯಿಂದಲೇ ಶುರು ಮಾಡುವ. ಕುಳ್ಳ ಕೈಮನ್ ದಕ್ಷಿಣ ಅಮೆರಿಕದ್ದು, ಅಮೆಜಾನ್ ಮತ್ತು ಒರಿನೋಕೊ ನದಿಗಳ ಕಡೆಯದು. 1807ರಲ್ಲಿ ಫ್ರಾನ್ಸಿನ ಜೀವವಿಜ್ಞಾನಿ ಕುವಿಯೆ ಇದಕ್ಕೆ ಹೆಸರಿಟ್ಟ. ಹೆಸರಿನ ಅರ್ಥ ಸುಮಾರಾಗಿ 'ರೆಪ್ಪೆಯದು' ಅಂತ. ಯಾಕೆಂದರೆ ಇದರ ಕಣ್ಣಿನ ರೆಪ್ಪೆಯಲ್ಲೂ ಮೂಳೆ ಇರುತ್ತದೆ. ಮೈಯೆಲ್ಲ ಮೂಳೆಯ ಬಿಲ್ಲೆ. ಚರ್ಮದ ವ್ಯಾಪಾರಿಗಳು ಇದನ್ನು ಅಷ್ಟಾಗಿ ಮುಟ್ಟದೇ ಇದ್ದದ್ದು ಅದಕ್ಕೇ: ಇಂಥ ಚರ್ಮದಲ್ಲಿ ಚೀಲ ಹೊಲಿಯುವುದು ಕಷ್ಟ. ಗಂಡು ಸುಮಾರು 5 ಅಡಿ, ಹೆಣ್ಣು 4 ಅಡಿ. ಹಾಗಾಗಿ 'ಸಣ್ಣ ಜಾತಿ' ಎಂದು ನೀವು ಬರೆದದ್ದರಲ್ಲಿ ತಪ್ಪಿಲ್ಲ. ಮೊಸಳೆಗಳ ಪೈಕಿ ಇದೇ ಸಣ್ಣದು ಎನ್ನಬಹುದು.

ಆದರೆ ಸ್ವಾಮಿ, ಇದು ಹಗಲೆಲ್ಲ ಬಿಲದೊಳಗೆ ಇರುವ ಪ್ರಾಣಿ. ಕಾಡಿನ ತೊರೆಗಳ ದಡದಲ್ಲಿ ಬಿಲ ಮಾಡಿಕೊಂಡು, ಕತ್ತಲಾದ ಮೇಲೆ ಹೊರಗೆ ಬರುತ್ತದೆ. ನೀವು ಸಂಜೆ ಐದಕ್ಕೆ ಚಾ ಹಿಡಿದು ಮೆಟ್ಟಿಲ ಮೇಲೆ ಕೂತರೆ ನಿಮಗೆ ಕಾಣುವುದು ಒಂದು ಮಾಟೆ. ಅಷ್ಟೇ. ವೀಡಿಯೋಗಳಲ್ಲಿ ಕಾಣುವುದು ಬೇರೆ. ಗಾಜಿನ ಪೆಟ್ಟಿಗೆಯೊಳಗೆ ಅಡಗಲು ಜಾಗ ಇಲ್ಲದ ಪ್ರಾಣಿ ಎದುರಿಗೇ ಇರುತ್ತದೆ, ಮತ್ತೆಂತ ಮಾಡುತ್ತದೆ? ಅದನ್ನು ನಾವು 'ಎಷ್ಟು ಪಾಪದ್ದು, ಎಷ್ಟು ಪಳಗಿದೆ' ಅಂತ ನೋಡುತ್ತೇವೆ.

ಇನ್ನು ಬೂತಾಯಿ. ಈ ಒಂದು ಸಾಲಿಗೆ ನಾನು ಜಾಸ್ತಿ ಹೊತ್ತು ಕೂತೆ. ನಮ್ಮೂರಿನವರಿಗೆ ಎಲ್ಲದಕ್ಕೂ ಬೂತಾಯಿಯೇ ಉತ್ತರ, ಅಲ್ವಾ? ತೆಂಗಿನ ಬುಡಕ್ಕೂ ಅದೇ, ಬೆಕ್ಕಿಗೂ ಅದೇ. ಮೊಸಳೆಗೆ ಮಾತ್ರ ಅದೊಂದನ್ನೇ ಹಾಕಿದರೆ ಕೆಡುತ್ತದೆ. ಬೂತಾಯಿಯಂಥ ಕೆಲವು ಮೀನುಗಳಲ್ಲಿ ಬಿ1 ಜೀವಸತ್ವವನ್ನು ಹಾಳು ಮಾಡುವ ಒಂದು ಅಂಶ ಇರುತ್ತದೆ. ಮೀನನ್ನು ಫ್ರೀಜರಿನಲ್ಲಿಟ್ಟರೂ ಅದು ಸುಮ್ಮನಿರುವುದಿಲ್ಲ. ಎಣ್ಣೆ ಜಾಸ್ತಿ ಇರುವ ಮೀನು ಹಳತಾದರೆ ಎಣ್ಣೆ ಕಮಟುತ್ತದೆ, ಅದನ್ನೇ ತಿಂದ ಪ್ರಾಣಿಗೆ ಇ ಜೀವಸತ್ವದ ಕೊರತೆಯಾಗಿ ಮೈಯೊಳಗಿನ ಕೊಬ್ಬೇ ಗಟ್ಟಿಯಾಗಿ ಊದಿಕೊಳ್ಳುತ್ತದೆ. ಹಾಗಾದರೆ ಕೋಳಿ ಮಾಂಸ ಹಾಕುವ ಎನ್ನುತ್ತೀರಾ? ಬರೀ ಮಾಂಸದಲ್ಲಿ ಸುಣ್ಣದ ಅಂಶ ಸಾಲುವುದಿಲ್ಲ. ಮರಿಯ ಮೂಳೆ ಮೆದುವಾಗಿ ದವಡೆ, ಬೆನ್ನು ಸೊಟ್ಟಗಾಗುತ್ತದೆ. ಅದಕ್ಕೆ ಬೇಕಾದದ್ದು ಇಡೀ ಪ್ರಾಣಿ: ಏಡಿ, ಕಪ್ಪೆ, ಹುಳ, ಇಲಿ, ಬೇರೆ ಬೇರೆ ಮೀನು, ಮೂಳೆ ಕರುಳು ಸಮೇತ. ಮೇಲಾಗಿ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ಯಾಂತ್ರಿಕ ದೋಣಿಗಳೆಲ್ಲ ದಡದಲ್ಲೇ ಇರುತ್ತವೆ. ಆ ಎರಡು ತಿಂಗಳ ಮೀನಿನ ರೇಟು ನಿಮ್ಮ ಮನೆಯವರನ್ನು ಕೇಳಿ, ಹೇಳುತ್ತಾರೆ.

ಕಾಯಿಲೆ ಬಿದ್ದರೆ? ನಮ್ಮ ಕಡೆಯ ಪಶುವೈದ್ಯರು ದನ, ನಾಯಿಗಳ ಮಟ್ಟಿಗೆ ಬಹಳ ಒಳ್ಳೆಯವರು. ಅವರ ಮೇಜಿನ ಮೇಲೆ ನಾಲ್ಕಡಿ ಕೈಮನ್ ಇಟ್ಟು "ಡಾಕ್ಟ್ರೇ, ಎರಡು ವಾರದಿಂದ ಊಟ ಬಿಟ್ಟಿದೆ" ಎಂದರೆ ಅವರಾದರೂ ಏನು ಮಾಡಬೇಕು? ಕಚ್ಚುವ ವಿಷಯ ನಾನು ದೊಡ್ಡದು ಮಾಡುವುದಿಲ್ಲ. ಐದಡಿಯ ಪ್ರಾಣಿ ಮನುಷ್ಯರನ್ನು ನುಂಗುವುದಿಲ್ಲ. ಆದರೆ ಮಗಳ ಬೆರಳು, ನಾಯಿಯ ಮೂತಿ, ಇವೆರಡೂ ಅದರ ಬಾಯಿಯ ಅಳತೆಗೆ ಸರಿಯಾಗಿವೆ. ಅದಿರುವ ನೀರಿನಲ್ಲಿ ಸಾಲ್ಮೊನೆಲ್ಲಾ ಎಂಬ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾವೂ ಇರಬಹುದು.

ಈಗ ನಿಮ್ಮ ನಕ್ಷೆಗೆ ಬರುತ್ತೇನೆ. ಮದಗದ ಪಡುವಣ ಮೂಲೆಯಲ್ಲಿ ಒಂದು ಸಣ್ಣ ಬಾಣ ಬರೆದಿದ್ದೀರಿ. ಪಕ್ಕದಲ್ಲಿ 'ಹೆಚ್ಚಾದ ನೀರು ತೋಡಿಗೆ' ಅಂತ ಇದೆ. ನಾನು ಕುಂದಾಪುರ ಕಡೆಯ ಗದ್ದೆ ಬದುವಿನಲ್ಲಿ ಬೆಳೆದವನು. ತೋಡು ಎಂದರೆ ಎಂತದು ಅಂತ ನನಗೆ ಗೊತ್ತು. ಆಟಿಯಲ್ಲಿ ಒಂದು ರಾತ್ರಿ ಜಡಿದು ಮಳೆ ಬಂದರೆ ಮದಗ ಯಾವುದು, ತೋಡು ಯಾವುದು, ಗದ್ದೆ ಯಾವುದು ಅಂತ ಬೆಳಿಗ್ಗೆ ತಿಳಿಯುವುದಿಲ್ಲ. ಸಾಕಿದ ಕಾಟ್ಲಾ ಮೀನು ಹೋದದ್ದೇ ಆ ದಾರಿಯಲ್ಲಿ. ನಮ್ಮ ಮನೆಯಲ್ಲಿ ಒಮ್ಮೆ ಎರಡು ವರ್ಷ ಸಾಕಿದ ಮೀನೆಲ್ಲ ಒಂದೇ ರಾತ್ರಿಗೆ ಹೋಗಿ, ಮರುದಿನ ಕೆಳಗಿನ ಮನೆಯವರು ಗದ್ದೆಯಲ್ಲಿ ಹಿಡಿದು ಸಾರು ಮಾಡಿ ನಮಗೂ ಒಂದು ಪಾತ್ರೆ ಕಳಿಸಿದ್ದರು. 2020ರ ಸೆಪ್ಟೆಂಬರ್‌ನಲ್ಲಿ ಉಡುಪಿಯಲ್ಲಿ ನೆರೆ ಬಂದಾಗ ಜನರನ್ನೇ ದೋಣಿಯಲ್ಲಿ ಕರೆತರಬೇಕಾಯಿತು. ಅಂಥ ರಾತ್ರಿ ನಿಮ್ಮ ಕೈಮನ್ ಬಾಣದ ದಾರಿ ಹಿಡಿದರೆ ಕೆಳಗಿನ ಮನೆಯವರು ಅದರ ಸಾರು ಕಳಿಸುವುದಿಲ್ಲ. ಬೆಳಿಗ್ಗೆ ನಾಟಿಗೆ ಇಳಿದ ಹೆಂಗಸರ ಕಾಲಿಗೆ ಅದು ಸಿಕ್ಕರೆ ಏನಾಗಬಹುದು ಎಂದು ಯೋಚನೆ ಮಾಡಿ. ಅವರಿಗೂ, ಅದಕ್ಕೂ.

ಸುತ್ತ ಗೋಡೆ ಕಟ್ಟಿಸುತ್ತೇನೆ, ಬಲೆ ಹಾಕಿಸುತ್ತೇನೆ ಎನ್ನಬಹುದು. ಕಟ್ಟಿಸಬಹುದು. ಗೋಡೆ ಕಟ್ಟಿ, ಬಿಲ ತೋಡದಂತೆ ತಳಕ್ಕೆ ಕಾಂಕ್ರೀಟ್ ಹಾಕಿ, ಪಂಪು ಫಿಲ್ಟರ್ ಕೂರಿಸಿದ ಮೇಲೆ ಅದು ಅಜ್ಜನ ಮದಗವಾಗಿ ಉಳಿಯುತ್ತದಾ?

ಪೇಪರಿನ ವಿಷಯ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ನಮ್ಮ ದೇಶದ ಮೂರೂ ಮೊಸಳೆಗಳು, ಅಂದರೆ ಸಿಹಿನೀರಿನ ಮಗ್ಗರ್, ಉಪ್ಪುನೀರಿನ ಮೊಸಳೆ ಮತ್ತು ಘರಿಯಲ್, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೇ ಪಟ್ಟಿಯಲ್ಲಿವೆ. ಆ ಪಟ್ಟಿಯ ಪ್ರಾಣಿಯ ವಿಷಯದಲ್ಲಿ ಅಪರಾಧ ಸಾಬೀತಾದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ವಿದೇಶಿ ಜಾತಿಗಳ ಮೇಲೆ ಹಿಂದೆ ಇಷ್ಟು ಹಿಡಿತ ಇರಲಿಲ್ಲ. 2020ರ ಜೂನ್‌ನಲ್ಲಿ ಕೇಂದ್ರ ಸರಕಾರ, ಯಾರ ಹತ್ತಿರ ವಿದೇಶಿ ಪ್ರಾಣಿ ಇದೆಯೋ ಅವರು ಆರು ತಿಂಗಳೊಳಗೆ ತಾವಾಗಿಯೇ ತಿಳಿಸಿದರೆ ದಾಖಲೆ ಕೇಳುವುದಿಲ್ಲ ಎಂದಿತ್ತು. 2022ರಲ್ಲಿ ಕಾಯಿದೆಗೆ ತಿದ್ದುಪಡಿ ಆಯಿತು, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತಾರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳು ನಮ್ಮ ಕಾಯಿದೆಯ ನಾಲ್ಕನೇ ಪಟ್ಟಿಗೆ ಸೇರಿದವು. ಕೈಮನ್‌ಗಳೂ ಅದರಲ್ಲಿವೆ. 2024ರ ನಿಯಮದ ಪ್ರಕಾರ ಇಂಥ ಪ್ರಾಣಿ ಮನೆಯಲ್ಲಿದ್ದರೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು. ಕೈ ಬದಲಾದರೂ, ಮರಿ ಹಾಕಿದರೂ, ಸತ್ತರೂ ತಿಳಿಸಬೇಕು.

ಹಾಗಾಗಿ ಬೆಂಗಳೂರಿನವರು ತೋರಿಸುವ ಪೇಪರ್ ಯಾವುದು ಎಂದು ನೋಡಿ. ಅಂಗಡಿಯ ರಸೀದಿಯಾ? ಯಾರದೋ ಹೆಸರಿನ 2020ರ ಹಳೆಯ ಪತ್ರದ ಜೆರಾಕ್ಸಾ? ಅದು ನಿಮ್ಮ ಕೈಯಲ್ಲಿರುವ ಮರಿಯದ್ದೇ ಅಂತ ಹೇಗೆ ತೋರಿಸುತ್ತೀರಿ? ಬ್ಯಾಂಕಾಕ್‌ನಿಂದ ಬಂದ ಸೂಟ್‌ಕೇಸುಗಳಲ್ಲಿ ಕೈಮನ್ ಮರಿ, ಹಾವು, ಆಮೆ ಸಿಕ್ಕ ಸುದ್ದಿ ಪೇಪರಿನಲ್ಲಿ ನೀವೂ ಓದಿರುತ್ತೀರಿ. ಸಿಕ್ಕಿಬೀಳದೆ ಹೊರಗೆ ಬಂದ ಸೂಟ್‌ಕೇಸುಗಳೂ ಇರುತ್ತವಲ್ಲ. ಇನ್ನೊಂದು, ಗೇಣುದ್ದದ ಮರಿ ನೋಡಿ ಯಾವ ಜಾತಿ ಅಂತ ನೀವೂ ಹೇಳಲಾರಿರಿ, ನಾನೂ ಹೇಳಲಾರೆ. 'ಕನ್ನಡಕದ ಕೈಮನ್' ಎಂಬ ಇನ್ನೊಂದು ಜಾತಿ ಉಂಟು, ಸಾಕುಪ್ರಾಣಿ ವ್ಯಾಪಾರದಲ್ಲಿ ಮಾಮೂಲಿ. ಅದರ ಗಂಡು ಏಳೆಂಟು ಅಡಿಗೂ ಹೋಗುತ್ತದೆ. ಕುಳ್ಳ ಅಂತ ತಂದದ್ದು ನಾಲ್ಕೇ ವರ್ಷದಲ್ಲಿ ಕುಳ್ಳ ಅಲ್ಲ ಅಂತ ಗೊತ್ತಾದರೆ ಯಾರಿಗೆ ವಾಪಸ್ ಕೊಡುತ್ತೀರಿ?

ಈ 'ವಾಪಸ್' ಎಂಬ ಪ್ರಶ್ನೆಗೆ ನಮ್ಮ ಬೀದಿಯಲ್ಲೇ ಉತ್ತರ ನೋಡಿದ್ದೇನೆ. ಪಕ್ಕದ ಮನೆಯ ಹುಡುಗ ಅಕ್ವೇರಿಯಂ ಅಂಗಡಿಯಿಂದ ಕೆಂಪು ಕಿವಿಯ ಆಮೆ ತಂದಿದ್ದ. ಹತ್ತು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ಕೆನ್ನೆಯಲ್ಲಿ ಕುಂಕುಮದ ಗೀಟು ಎಳೆದ ಹಾಗೆ. ಮೊದಲು ಪ್ಲಾಸ್ಟಿಕ್ ಡಬ್ಬಿ, ಆಮೇಲೆ ಬಕೆಟ್, ಆಮೇಲೆ ಬಟ್ಟೆ ಒಗೆಯುವ ದೊಡ್ಡ ಟಬ್. ನಾಲ್ಕು ವರ್ಷಕ್ಕೆ ಅದು ಊಟದ ಬಟ್ಟಲಷ್ಟಾಯಿತು, ನೀರು ದಿನಕ್ಕೆರಡು ಸಲ ಬದಲಿಸಿದರೂ ನಾತ. ಹುಡುಗ ಇಂಜಿನಿಯರಿಂಗ್ ಓದಲು ಹೋದ. ಒಂದು ಭಾನುವಾರ ಅವನ ಅಪ್ಪ ಅದನ್ನು ಗೋಣಿಯಲ್ಲಿ ಹಾಕಿಕೊಂಡು ಹೋಗಿ ಕೆರೆಗೆ ಬಿಟ್ಟು ಬಂದರು. ಬಿಟ್ಟವರು ಕೆಟ್ಟವರಲ್ಲ, "ಪಾಪ, ಆರಾಮಾಗಿ ಇರಲಿ" ಅಂತಲೇ ಬಿಟ್ಟದ್ದು. ಆದರೆ ಅದು ಅಮೆರಿಕದ ಆಮೆ. ನಮ್ಮ ಆಮೆಗಳ ಜಾಗ, ಆಹಾರ ಎರಡನ್ನೂ ಕಿತ್ತುಕೊಳ್ಳುತ್ತದೆ. ಮೊಸಳೆಯ ಮೂತಿಯಂಥ ಬಾಯಿರುವ ಅಮೆರಿಕದ ಮೀನೊಂದು 2023ರಲ್ಲಿ ಭೋಪಾಲದ ಕೆರೆಯಲ್ಲೂ ಕಾಶ್ಮೀರದ ದಾಲ್ ಸರೋವರದಲ್ಲೂ ಸಿಕ್ಕಿತ್ತಲ್ಲ, ಅದರ ಹಿಂದೆಯೂ ಇಂಥ ಒಂದು ಭಾನುವಾರ ಇದ್ದಿರಬಹುದು.

ನಿಮ್ಮ ನಾಲ್ಕು ಪುಟದಲ್ಲಿ ಇಲ್ಲದ ಲೆಕ್ಕ ಇದೊಂದೇ. ಮೊಸಳೆ ಜಾತಿಯವು ಚೆನ್ನಾಗಿ ನೋಡಿಕೊಂಡರೆ ಮೂವತ್ತು, ನಲವತ್ತು ವರ್ಷ ಬದುಕುತ್ತವೆ. ನಲವತ್ತು ಅಂತಲೇ ಇಟ್ಟುಕೊಳ್ಳಿ. ನಿಮಗೆ 86, ಮಗಳಿಗೆ 49. ಮದಗದ ಅಗಲ ಬರೆದಿದ್ದೀರಿ, ಆಳ ಬರೆದಿದ್ದೀರಿ. ನೀವು ಮೆಟ್ಟಿಲು ಇಳಿಯಲಾಗದ ದಿನ ಅದಕ್ಕೆ ಇಲಿ ಹಾಕುವವರು ಯಾರು ಅಂತ ಬರೆದಿಲ್ಲ.

ಮೊಸಳೆಯ ಮೇಲೆ ಪ್ರೀತಿ ನಮ್ಮ ಕಡೆಗೆ ಹೊಸತೇನೂ ಅಲ್ಲ. ಕುಂಬಳೆ ಹತ್ತಿರದ ಅನಂತಪುರಕ್ಕೆ ನೀವೂ ಹೋಗಿರಬಹುದು. ಕೆರೆಯ ನಡುವೆ ಗುಡಿ, ಕೆರೆಯಲ್ಲಿ ಬಬಿಯಾ ಎಂಬ ಮೊಸಳೆ. ಚಿಕ್ಕಂದಿನಲ್ಲಿ ಅಜ್ಜಿಯ ಜೊತೆ ಹೋದಾಗ ನಾನು ಎರಡು ಗಂಟೆ ಕೆರೆಯ ಕಟ್ಟೆ ಬಿಟ್ಟು ಏಳಲಿಲ್ಲ. ಹಸಿರು ನೀರಿನ ಮೇಲೆ ಎರಡು ಗುಬುಟು, ಮುಂದೆ ಇನ್ನೊಂದು. ಕಣ್ಣು, ಮೂಗು. ಅಷ್ಟೇ ಕಂಡದ್ದು. ಅಜ್ಜಿ ಕೈಮುಗಿದು "ಕಂಡಿತಲ್ಲ, ಏಳು" ಎಂದರು. ದೇವರ ಅನ್ನದ ನೈವೇದ್ಯ ತಿಂದು ಬದುಕುವ ಮೊಸಳೆ ಅಂತ ಎಲ್ಲರೂ ನಂಬಿದ್ದರು. ಕೆರೆಯಲ್ಲಿ ಮೀನೂ ಇತ್ತು, ಅದರ ಲೆಕ್ಕ ಇಟ್ಟವರಿಲ್ಲ, ಇರಲಿ. 2022ರ ಅಕ್ಟೋಬರ್ 9ರಂದು ಬಬಿಯಾ ಸತ್ತಾಗ ನೋಡಲು ಬಂದ ಜನ ಎಷ್ಟು! ಮರುವರ್ಷ ನವೆಂಬರಿನಲ್ಲಿ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಂಡಿತು. ಎಲ್ಲಿಂದ ಬಂತೋ. ಅದನ್ನು ಯಾರೂ ದುಡ್ಡು ಕೊಟ್ಟು ತರಲಿಲ್ಲ.

ನಿಜವಾಗಿಯೂ ಮೊಸಳೆ ನೋಡುವ ಆಸೆ ಇದ್ದರೆ ಮಗಳನ್ನು ಕರೆದುಕೊಂಡು ಮಂಗಳೂರಿನ ಪಿಲಿಕುಳ ಮೃಗಾಲಯಕ್ಕೆ ಹೋಗಿ, ಅರ್ಧ ದಿನದ ಕೆಲಸ. ರಜೆ ಇದ್ದರೆ ದಾಂಡೇಲಿ. ಕಾಳಿ ನದಿಯ ಬಂಡೆಗಳ ಮೇಲೆ ಮಗ್ಗರ್‌ಗಳು ಬಾಯಿ ತೆರೆದು ಬಿಸಿಲು ಕಾಯಿಸುತ್ತಾ ಮಲಗಿರುತ್ತವೆ. ಸಿಟ್ಟಿಗಲ್ಲ, ತಲೆಯ ಬಿಸಿ ಇಳಿಸಲು. ಚೆನ್ನೈ ಕಡೆ ಹೋದರೆ 1976ರಲ್ಲಿ ರೋಮುಲಸ್ ವಿಟೇಕರ್ ಮತ್ತು ಝಾಯ್ ವಿಟೇಕರ್ ಶುರು ಮಾಡಿದ ಮದ್ರಾಸ್ ಕ್ರೊಕೊಡೈಲ್ ಬ್ಯಾಂಕ್ ಉಂಟು. ಅಲ್ಲಿ ಒಂದು ದಿನ ಸಾಲುವುದಿಲ್ಲ.

ಕೊನೆಗೆ ಒಂದು ತಕರಾರು. "ಉಡ ಬಿಟ್ಟರೆ ಬೇರೆ ಏನೂ ಇಲ್ಲ" ಅಂತ ಬರೆದಿದ್ದೀರಲ್ಲ, ಅದನ್ನು ಓದಿ ನನಗೆ ಬೇಜಾರಾಯಿತು. ಬೆಳೆದ ಉಡ ಮೂರು ನಾಲ್ಕು ಅಡಿ ಇರುತ್ತದೆ, ಹೆಚ್ಚು ಕಡಿಮೆ ನಿಮ್ಮ ಕೈಮನ್‌ನಷ್ಟೇ. ಹಗಲು ಓಡಾಡುತ್ತದೆ. ಬೆಳಿಗ್ಗೆ ಬಿಸಿಲಿಗೆ ಮೈಯೊಡ್ಡಿ, ಸೀಳು ನಾಲಗೆ ಚಾಚುತ್ತಾ ಏಡಿ, ಹುಳ ಹುಡುಕುತ್ತದೆ. ಬೂತಾಯಿ ಕೇಳುವುದಿಲ್ಲ. ಅದೂ ಒಂದನೇ ಪಟ್ಟಿಯದ್ದೇ, ಹಾಗಾಗಿ ಹಿಡಿಯಲು ಹೋಗಬೇಡಿ. ಅನ್ನ, ಮೀನು ಹಾಕಿ ಅಭ್ಯಾಸ ಮಾಡಿಸಲೂ ಬೇಡಿ. ತೋಟದಲ್ಲಿ ಹುತ್ತ ಇದ್ದರೆ ಕೀಳಿಸದೆ ಬಿಡಿ. ಮೊಟ್ಟೆ ಇಡಲು ಅದು ಹುತ್ತಕ್ಕೂ ಹೋಗುತ್ತದೆ. ನಾಯಿಯನ್ನು ಮಾತ್ರ ಸ್ವಲ್ಪ ಹೊತ್ತು ಕಟ್ಟಿ ಹಾಕಿ.

ಅದು ಯಾವ ಕಡೆಯಿಂದ ಇಳಿಯುತ್ತದೆ, ಜರಿದ ಗೋಡೆಯ ಸಂದಿಯಿಂದಲಾ, ಹಲಸಿನ ಬುಡದಿಂದಲಾ? ಎಷ್ಟು ಗಂಟೆಗೆ? ನಕ್ಷೆಯಲ್ಲಿ ನೀವು ಎಲ್ಲ ಗುರುತು ಹಾಕಿದ್ದೀರಿ, ಅದರ ದಾರಿ ಒಂದನ್ನು ಬಿಟ್ಟು. ಒಂದು ತಿಂಗಳು ನೋಡಿ ಇನ್ನೊಂದು ನಕ್ಷೆ ಮಾಡಿ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅರ್ಧ ಪುಟ ಖಾಲಿ ಇಟ್ಟಿರುತ್ತೇನೆ.

– ಸಂ.