ಕೌದಿಯ ತಪ್ಪು ಹೊಲಿಗೆ: ಬಿಚ್ಚಬೇಕೆ, ಬಿಡಬೇಕೆ?

ಪ್ರಶ್ನೆ: ನನ್ನ ಮಗಳ ಬಾಣಂತನಕ್ಕೆಂದು ನಮ್ಮ ಅತ್ತೆಯವರು ಹಳೆಯ ಇಳಕಲ್ ಸೀರೆ, ಧೋತರ ಮತ್ತು ಖಣದ ತುಂಡುಗಳನ್ನು ಸೇರಿಸಿ ಕೌದಿ ಹೊಲಿಯಲು ಹಿಡಿದಿದ್ದರು. ಕಣ್ಣು ಮಂಜಾದ್ದರಿಂದ ಅರ್ಧಕ್ಕೆ ನಿಲ್ಲಿಸಿ ನನ್ನ ಕೈಗೆ ಕೊಟ್ಟರು. ಉಳಿದದ್ದನ್ನು ನಾನು ಮುಗಿಸಿದ್ದೇನೆ. ಈಗ ನೆಲಕ್ಕೆ ಹಾಸಿ ನೋಡಿದರೆ ತಪ್ಪುಗಳೇ ಕಾಣುತ್ತಿವೆ. ಅತ್ತೆಯವರ ಹೊಲಿಗೆ ಉದ್ದುದ್ದ, ಸಾಲೂ ಸೊಟ್ಟ. ನನ್ನದು ಸಣ್ಣ ಹೊಲಿಗೆ. ಒಂದು ಖಣದ ತುಂಡು ತಲೆಕೆಳಗಾಗಿದೆ. ನಡುವೆ ಎರಡು ಕಡೆ ಬಟ್ಟೆ ಉಬ್ಬಿದೆ. ಒಂದು ಬದಿ ಇನ್ನೊಂದಕ್ಕಿಂತ ಮೂರು ಬೆರಳು ಉದ್ದವಿದೆ. ಕೆಂಪು ಸೆರಗಿನ ತುಂಡು ಬಣ್ಣ ಬಿಡಬಹುದೆಂಬ ಭಯವೂ ಇದೆ. ಎಲ್ಲವನ್ನೂ ಬಿಚ್ಚಿ ಮತ್ತೆ ಹೊಲಿಯಲೇ? ಅತ್ತೆಯವರ ಭಾಗವನ್ನು ಬಿಚ್ಚಲು ಮನಸ್ಸು ಬರುತ್ತಿಲ್ಲ. ‘ಒಂದು ತಪ್ಪನ್ನು ಬೇಕೆಂದೇ ಬಿಡಬೇಕು, ಅದು ದೇವರ ಪಾಲು’ ಎಂದು ಒಬ್ಬರು ಹೇಳಿದರು. ನಿಜವೇ?
– ಓದುಗರು, ಬಾಗಲಕೋಟೆ

ಉತ್ತರ: ಎಲ್ಲವನ್ನೂ ಬಿಚ್ಚಬೇಡಿ. ಅತ್ತೆಯವರ ಭಾಗವನ್ನಂತೂ ಬಿಚ್ಚಲೇಬೇಡಿ. ಅವರಿಗೆ ನೋವಾದೀತು ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಬಟ್ಟೆಯದು. ಹೊಸ ಹತ್ತಿ ಬಟ್ಟೆಯಲ್ಲಿ ಹೊಲಿಗೆ ಬಿಚ್ಚಿದರೆ ಸೂಜಿಯ ತೂತುಗಳು ಒಂದೆರಡು ಒಗೆತಕ್ಕೆ ಮುಚ್ಚಿಕೊಳ್ಳುತ್ತವೆ. ಹಳೆಯ ರೇಷ್ಮೆ ಸೆರಗಿನಲ್ಲಿ ಅವು ಹಾಗೆಯೇ ಉಳಿಯುತ್ತವೆ, ಅದೇ ಸಾಲಿನಲ್ಲಿ ಮತ್ತೆ ಹೊಲಿದರೆ ಬಟ್ಟೆ ಅಲ್ಲಿಯೇ ಹರಿಯುತ್ತದೆ. ಇಳಕಲ್ ಸೀರೆಗಳಲ್ಲಿ ಬಳಸುವ ಆರ್ಟ್ ಸಿಲ್ಕ್ (ಕೃತಕ ರೇಷ್ಮೆ) ನೂಲು ಒದ್ದೆಯಾದಾಗ ಇನ್ನಷ್ಟು ಬಲ ಕಳೆದುಕೊಳ್ಳುತ್ತದೆ. ವರ್ಷಗಟ್ಟಲೆ ಉಟ್ಟ ಸೀರೆಗೆ ಬಿಚ್ಚುವ ಕೆಲಸ ಹೊಲಿಯುವುದಕ್ಕಿಂತ ಹೆಚ್ಚು ಪೆಟ್ಟು ಕೊಡುತ್ತದೆ.

ಆದ್ದರಿಂದ ಪ್ರತಿ ತಪ್ಪಿನ ಮುಂದೆಯೂ ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ಒಗೆದಾಗ ಇದು ಬಿಚ್ಚಿಕೊಳ್ಳುತ್ತದೆಯೇ, ಹರಿಯುತ್ತದೆಯೇ? ಹೌದೆಂದರೆ ಸರಿಪಡಿಸಿ. ಬರಿ ಕಣ್ಣಿಗೆ ಕಾಣುವ ತಪ್ಪಾದರೆ ಬಿಡಿ. ತಲೆಕೆಳಗಾದ ಖಣ, ಮೂರು ಬೆರಳು ಉದ್ದವಾದ ಬದಿ, ಸೊಟ್ಟ ಸಾಲು ಇವೆಲ್ಲ ಬಿಡುವ ತಪ್ಪುಗಳು. ಬದಿಯನ್ನು ಕತ್ತರಿಸಿ ಸಮ ಮಾಡಲು ಹೋದರೆ ಸಾಲುಗಳ ತುದಿ ತೆರೆದುಕೊಂಡು ಅಂಚೆಲ್ಲ ಬಿಚ್ಚುತ್ತದೆ.

ಅತ್ತೆಯವರ ಉದ್ದ ಹೊಲಿಗೆ ಮಾತ್ರ ಬೇರೆ ವಿಷಯ. ಅಷ್ಟು ಉದ್ದದ ದಾರಕ್ಕೆ ಕಾಲುಂಗುರ, ಬಳೆ, ಮಗುವಿನ ಬೆರಳು ಸಿಕ್ಕಿಕೊಳ್ಳಬಹುದು. ಆದರೂ ಅದಕ್ಕೆ ಮದ್ದು ಬಿಚ್ಚುವುದಲ್ಲ, ಸೇರಿಸುವುದು. ಅವರ ಎರಡು ಸಾಲುಗಳ ನಡುವೆ ನಿಮ್ಮದೊಂದು ಸಾಲು ಹಾಕಿ, ಅವರ ಸಾಲು ಹೇಗೆ ಬಾಗಿದೆಯೋ ಹಾಗೆಯೇ ಬಾಗಿಸಿಕೊಂಡು ಹೋಗಿ. ಆಗ ಪದರಗಳ ಭಾರ ಎರಡು ಸಾಲಿಗೂ ಹಂಚಿಹೋಗಿ ಅವರ ದಾರದ ಮೇಲಿನ ಎಳೆತ ಕಡಿಮೆಯಾಗುತ್ತದೆ. ತೀರಾ ಸಡಿಲವಾದ ಹೊಲಿಗೆಯಿದ್ದರೆ ಅದರ ನಡುವೆ ಒಂದು ಪುಟ್ಟ ಅಡ್ಡ ಹೊಲಿಗೆ ಹಾಕಿ ಬಟ್ಟೆಗೆ ಹಿಡಿಸಿ. ಸೇರಿಸುವುದು ಕೌದಿಯ ಸ್ವಭಾವಕ್ಕೂ ಒಪ್ಪುತ್ತದೆ. ಹರಿದ ಕೌದಿಯನ್ನು ಬಿಚ್ಚಿ ಹೊಲಿದವರು ಯಾರಿದ್ದಾರೆ? ಮೇಲೊಂದು ತುಂಡು ಹಚ್ಚಿಯೇ ನಮ್ಮ ಕೌದಿಗಳು ಇಷ್ಟು ವರ್ಷ ಬಾಳಿವೆ.

ನೀವು ಬರೆಯದ ಒಂದು ತಪ್ಪನ್ನು ದಯವಿಟ್ಟು ಹುಡುಕಿ. ಕೌದಿಯನ್ನು ಮಗುಚಿ ಹಾಸಿ, ಬೆನ್ನಿನ ಕಡೆ ಪ್ರತಿ ಸಾಲನ್ನೂ ಬೆರಳಿನಿಂದ ತಡವಿ. ಮೇಲೆ ಚೆಂದ ಕಾಣುವ ಸಾಲು ಕೆಲವೊಮ್ಮೆ ಕೆಳಗಿನ ಪದರವನ್ನು ಹಿಡಿದೇ ಇರುವುದಿಲ್ಲ. ಸಣ್ಣ ಹೊಲಿಗೆ ಹಾಕುವವರಿಂದಲೇ ಈ ತಪ್ಪು ಹೆಚ್ಚು ಆಗುತ್ತದೆ, ಆದ್ದರಿಂದ ನಿಮ್ಮ ಭಾಗವನ್ನೇ ಮೊದಲು ನೋಡಿ. ಅಂಥ ಕಡೆ ಒಗೆದ ಮೇಲೆ ಒಳಗಿನ ಧೋತರ ಮುದ್ದೆಗಟ್ಟುತ್ತದೆ. ಸೂಜಿ ಎಲ್ಲ ಪದರಗಳನ್ನೂ ದಾಟುವಂತೆ ಪಕ್ಕದಲ್ಲಿ ಇನ್ನೊಂದು ಸಾಲು ಹಾಕಿದರೆ ಸಾಕು.

ಉಬ್ಬಿದ ಜಾಗವನ್ನು ಎರಡು ಬೆರಳಲ್ಲಿ ಹಿಡಿದು ನೋಡಿ. ಬರೀ ಮೆತ್ತಗೆ ಉಬ್ಬಿದ್ದರೆ ಬಿಟ್ಟುಬಿಡಿ, ಮೊದಲ ಒಗೆತಕ್ಕೆ ಇಡೀ ಕೌದಿಗೇ ನವಿರಾದ ಸುಕ್ಕು ಬರುತ್ತದೆ, ಉಬ್ಬು ಅದರಲ್ಲಿ ಕರಗಿಹೋಗುತ್ತದೆ. ಬಟ್ಟೆ ಮಡಿಕೆಯಾಗಿಯೇ ಹೊಲಿಗೆಯಡಿ ಸಿಕ್ಕಿಕೊಂಡಿದ್ದರೆ ಆ ಮಡಿಕೆಯ ಏಣು ಸವೆದು ಹರಿಯುತ್ತದೆ. ಅಲ್ಲಿ ಮಾತ್ರ ಬಿಚ್ಚಬೇಕು. ದಾರವನ್ನು ಎಳೆಯಬೇಡಿ. ಬೆನ್ನಿನ ಕಡೆಯಿಂದ ಮೂರು ನಾಲ್ಕು ಹೊಲಿಗೆಗೊಮ್ಮೆ ಕತ್ತರಿಸುತ್ತ ಹೋಗಿ ತುಂಡು ತುಂಡಾಗಿ ತೆಗೆಯಿರಿ. ಬಟ್ಟೆಯನ್ನು ಅಂಗೈಯಿಂದ ಸವರಿ ಸಮ ಮಾಡಿ, ದೊಡ್ಡ ಟಾಕು ಹಾಕಿ ನಿಲ್ಲಿಸಿಕೊಂಡು, ಆಮೇಲೆ ಹಳೆಯ ತೂತುಗಳ ಪಕ್ಕದಲ್ಲಿ ಹೊಲಿಯಿರಿ.

ನಾನು ನಿಜವಾಗಿ ಚಿಂತೆ ಮಾಡುವುದು ಕೆಂಪು ಸೆರಗಿನ ಬಗ್ಗೆ. ರೇಷ್ಮೆ ಸೆರಗೆಂದು ಎಚ್ಚರಿಕೆಯಿಂದ ಉಟ್ಟ ಸೀರೆ ಹೆಚ್ಚು ನೀರು ಕಂಡಿರುವುದಿಲ್ಲ, ಅದರ ಹೆಚ್ಚುವರಿ ಬಣ್ಣ ಇನ್ನೂ ಹೊರಬಂದಿರಲಿಕ್ಕಿಲ್ಲ. ಬಿಳಿ ಬಟ್ಟೆಯೊಂದನ್ನು ಸಾಬೂನು ನೀರಿನಲ್ಲಿ ಅದ್ದಿ ಆ ತುಂಡಿನ ಮೇಲೆ ಐದು ನಿಮಿಷ ಒತ್ತಿಡಿ. ಬಿಳಿ ಬಟ್ಟೆ ಕೆಂಪಾದರೆ ಆ ತುಂಡನ್ನು ತೆಗೆದು ಬೇರೆಯದನ್ನು ಹಚ್ಚಿ. ಅದರ ಮೇಲೆಯೇ ಇನ್ನೊಂದು ಬಟ್ಟೆ ಮುಚ್ಚಿದರೆ ಬಣ್ಣ ಹರಡುವುದು ನಿಲ್ಲುವುದಿಲ್ಲ. ಉಪ್ಪು, ವಿನಿಗರ್ ಹಾಕಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತನ್ನು ನೆಚ್ಚಬೇಡಿ.

ಇನ್ನು ದೇವರ ಪಾಲಿನ ಮಾತು. ಅಮೆರಿಕದ ಆಮಿಶ್ ಎಂಬ ಕ್ರೈಸ್ತ ಪಂಗಡದ ಹೆಂಗಸರು ತಮ್ಮ ಕೌದಿಗಳಲ್ಲಿ ವಿನಯಕ್ಕಾಗಿ ಬೇಕೆಂದೇ ಒಂದು ತಪ್ಪು ಬಿಡುತ್ತಿದ್ದರು ಎಂಬ ಕತೆ ಬಹಳ ಪ್ರಚಾರದಲ್ಲಿದೆ. ಕೌದಿಗಳ ಇತಿಹಾಸ ಬಲ್ಲವರು ಅದನ್ನು ಒಪ್ಪುವುದಿಲ್ಲ. ನಮ್ಮ ನೆಲದಲ್ಲಿಯೇ ಇದಕ್ಕಿಂತ ಒಳ್ಳೆಯ ಅಳತೆಗೋಲಿದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರು ಮೂಲೆಯಿಂದ ಹಿಡಿದು ಅಂಚಿನುದ್ದಕ್ಕೂ ಸುತ್ತು ಬರುತ್ತ, ಸಿಕ್ಕ ತುಂಡುಗಳನ್ನು ಸೇರಿಸುತ್ತ ನಡುವಿಗೆ ತಲುಪುತ್ತಾರೆ. ಅವರ ಸಾಲುಗಳು ತುಂಡಿನ ಆಕಾರಕ್ಕೆ ತಕ್ಕಂತೆ ತಿರುಗುತ್ತವೆ, ಅದನ್ನು ಯಾರೂ ಸೊಟ್ಟ ಎನ್ನುವುದಿಲ್ಲ. ಆದರೆ ಮೂಲೆಗಳಿಗೆ ‘ಫುಲ’ ಎಂಬ ಮುಮ್ಮೂಲೆ ತುಂಡು ಹಚ್ಚದೆ ಬಿಟ್ಟರೆ ಕೌದಿ ಅಪೂರ್ಣ. ನಿಮ್ಮದರ ನಾಲ್ಕೂ ಮೂಲೆ ಗಟ್ಟಿಯಾಗಿವೆಯೇ ನೋಡಿ. ಒಗೆಯುವಾಗ ಹಿಂಡಿ ಎಳೆಯುವುದು ಅಲ್ಲಿಂದಲೇ.

ಹೆರಿಗೆಗೆ ಮೊದಲೇ ಒಮ್ಮೆ ತಣ್ಣೀರಿನಲ್ಲಿ ಒಗೆದು, ಮಡಚಿಡದೆ ಹರವಿ ಒಣಗಿಸಿ. ಒಣಗಿದ ಮೇಲೆ ಎರಡೂ ಕಡೆ ದಾರದ ತುದಿಗಳನ್ನು ಹುಡುಕಿ, ಪದರಗಳ ಒಳಗೆ ಸೇರಿಸಿ. ಎಳೆಗೂಸಿನ ಕಾಲ್ಬೆರಳಿಗೆ ದಾರ ಸುತ್ತಿಕೊಂಡರೆ ರಕ್ತ ಸಂಚಾರ ನಿಂತು ಬೆರಳಿಗೇ ಅಪಾಯ. ಎಚ್ಚರವಿರುವಾಗ ಕೂಸನ್ನು ನೆಲದ ಮೇಲೆ ಆಡಿಸಲು ಈ ಕೌದಿಯನ್ನು ಹಾಸಿ, ಪಕ್ಕದಲ್ಲಿ ಒಬ್ಬರು ಇರಲಿ. ಒಂದು ವರ್ಷ ತುಂಬುವವರೆಗೆ ಮಲಗಿದ ಮಗುವಿಗೆ ಅದನ್ನು ಹೊದಿಸಬೇಡಿ.